ಮೇಲಕ್ಕೆ ಶಿಖರ್ಜಿಯ ತನಕ

ಟೀವಿಯಲ್ಲಿ ವಾರ್ತೆ ಓದುವ ಹುಡುಗಿಯ ಮೇಲೆ ಆ ಬೇಸಿಗೆಯಲ್ಲಿ ಅಕ್ಕಾತಾಯಿಗೆ ಬಂದಷ್ಟು ಸಿಟ್ಟು ಸ್ವಂತ ಗಂಡನ ಮೇಲೂ ಬಂದಿರಲಿಲ್ಲ. ದಿಲ್ಲಿಯ ಬಿಸಿಲೆಷ್ಟು ಹೇಳುತ್ತಾಳೆ, ಮುಂಬೈದು ಹೇಳುತ್ತಾಳೆ, ಕಲಕತ್ತಾದ್ದು ಹೇಳುತ್ತಾಳೆ, ಚೆನ್ನೈದು ಹೇಳುತ್ತಾಳೆ, ಆಮೇಲೆ ಕೈ ಮುಗಿದು ನಕ್ಕುಬಿಡುತ್ತಾಳೆ. ಅವಳ ಬೆನ್ನ ಹಿಂದಿನ ನಕಾಶೆಯಲ್ಲಿ, ಬಲಗಡೆಯ ಮೂಲೆಯಲ್ಲಿ, ಯಾರೋ ಸಾಸಿವೆ ಚೆಲ್ಲಿದ ಹಾಗೆ ನಾಲ್ಕು ಚುಕ್ಕೆಗಳಿವೆಯಲ್ಲ, ಅಲ್ಲಿ ಸೆಕೆಯೋ ಮಳೆಯೋ ಒಂದು ಮಾತಿಲ್ಲ. ಆ ಚುಕ್ಕೆಗಳಲ್ಲಿ ಒಂದರ ಮೇಲೆ ಅಕ್ಕಾತಾಯಿಯ ಒಬ್ಬಳೇ ಮಗಳು ಸ್ನೇಹಲ ಎಂಟು ತಿಂಗಳ ಬಸುರಿಯಾಗಿ ಮಲಗಿದ್ದಳು.

"ಆ ಮೂಲ್ಯಾಗ ಇರೂವ್ರು ಮನಷ್ಯಾರಲ್ಲೇನ್ರಿ? ಅವರಿಗೆ ಬಿಸಲ ಹತ್ತೂದಿಲ್ಲೇನು?"

"ಅಂಡಮಾನದ ಹೆಸರು ವರ್ಷಕ್ಕ ಒಮ್ಮೆ ತಗೀತಾರ," ಎಂದರು ಪದ್ಮಾಕರರು, ಕಣ್ಣು ಟೀವಿಯಿಂದ ಕದಲಿಸದೆ. "ಮಳಿ ಮೊದಲು ಅಲ್ಲೇ ಬರ್ತದ. ತಡಿ, ಇನ್ನೇನ ಬಂತು."

ಪದ್ಮಾಕರರು ಖಾನಾಪುರದಲ್ಲಿ ಪೋಸ್ಟ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿಕೊಂಡು ಗಂಡ ಹೆಂಡತಿ ಇಬ್ಬರೇ ಬಂದು ಇದ್ದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು ಜೈನರ ಮನೆಯ ಪದ್ಧತಿಯಾದ್ದರಿಂದ ಸಂಜೆ ಪೂರ್ತಿ ಖಾಲಿ, ಆ ಖಾಲಿ ಸಂಜೆಯನ್ನು ಪದ್ಮಾಕರರು ವಾರ್ತೆಗೆ ಬರೆದುಕೊಟ್ಟಿದ್ದರು. ಕನ್ನಡ ಮುಗಿದರೆ ಮರಾಠಿ, ಮರಾಠಿ ಮುಗಿದರೆ ಹಿಂದಿ. ಅದೇ ಮಂತ್ರಿ, ಅದೇ ರೈಲು ಅಪಘಾತ, ಮೂರು ಭಾಷೆಯಲ್ಲಿ ಕೇಳದಿದ್ದರೆ ಅವರಿಗೆ ನಂಬಿಕೆಯೇ ಬರುತ್ತಿರಲಿಲ್ಲ.

ಅವರ ಇನ್ನೊಂದು ಹುಚ್ಚು ವಿಮಾನ. ಸಾಂಬ್ರಾದ ನಿಲ್ದಾಣಕ್ಕೆ ಇಳಿಯುವ ವಿಮಾನದ ಸದ್ದು ಕೇಳಿತೆಂದರೆ ಬಾಯಲ್ಲಿ ತುತ್ತಿದ್ದರೂ ಮಾಳಿಗೆಗೆ ಓಡುತ್ತಿದ್ದರು. ಅಲ್ಲಿ ಅಕ್ಕಾತಾಯಿ ಒಣಹಾಕಿದ ಶಾವಿಗೆ, ಸಂಡಿಗೆ ಏನಿದ್ದರೂ ಅವರ ಕಾಲಿಗೆ ಕಾಣುತ್ತಿರಲಿಲ್ಲ. ವಿಮಾನದಲ್ಲಿ ಹೋಗುವ ಪತ್ರಗಳಿಗೆ ಜೀವಮಾನವೆಲ್ಲ ಠಸ್ಸೆ ಹೊಡೆದವನು ನಾನು, ಆ ಪತ್ರಗಳು ಹೋದ ದಾರಿಯಲ್ಲಿ ಒಮ್ಮೆಯಾದರೂ ಹೋಗಿ ನೋಡಬೇಕು ಎಂದು ಹೇಳುತ್ತಿದ್ದರು. ಒಬ್ಬರೇ ಅಲ್ಲ, ಹೆಂಡತಿಯನ್ನು ಕಿಟಕಿಯ ಬಾಜು ಕೂರಿಸಿಕೊಂಡು. ಅಕ್ಕಾತಾಯಿ ಇದಕ್ಕೆಲ್ಲ ಮೂಗು ಮುರಿದು, ತುಳಿದ ಶಾವಿಗೆ ಆರಿಸುತ್ತ ಕೂರುತ್ತಿದ್ದಳು.

ಈಗ ನೋಡಿದರೆ ಆ ವಿಮಾನವೇ ಬಂದು ಅವಳ ಎದೆಯ ಮೇಲೆ ಕೂತಿತ್ತು.

ಅಳಿಯ ಅನೇಕಾಂತ ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರ್. ಪೋರ್ಟ್ ಬ್ಲೇರಿಗೆ ವರ್ಗವಾಗಿ ಹೋದಾಗ ಸ್ನೇಹಲಳೂ ಕುಣಿದುಕೊಂಡು ಜೊತೆಗೆ ಹೋಗಿದ್ದಳು. ಏಳನೇ ತಿಂಗಳಿಗೆ ಅವಳನ್ನು ತವರಿಗೆ ಕರೆಸಿ, ಕುಬಸ ಮಾಡಿ ಉಡಿ ತುಂಬಿ, ಚೊಚ್ಚಲ ಹೆರಿಗೆ ಇಲ್ಲೇ ಮಾಡುವುದೆಂದು ಎಲ್ಲ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅಲ್ಲಿನ ಡಾಕ್ಟರು ರಕ್ತದೊತ್ತಡ ನೋಡಿ, ಹಾಸಿಗೆ ಬಿಟ್ಟು ಏಳಬಾರದು, ಹಡಗೂ ಬೇಡ ವಿಮಾನವೂ ಬೇಡ ಅಂದುಬಿಟ್ಟರು. ಅನೇಕಾಂತನಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಮಗಳು ಬರುವ ಹಾಗಿಲ್ಲ ಅಂದ ಮೇಲೆ ತಾಯಿಯೇ ಹೋಗಬೇಕು, ಇದರಲ್ಲಿ ಯೋಚಿಸುವುದೇನಿದೆ?

ಯೋಚಿಸುವುದಿತ್ತು. ಚೆನ್ನೈಯಿಂದ ಹಡಗಿಗೆ ಮೂರು ದಿನ. ಇದ್ದ ಹಡಗುಗಳಲ್ಲಿ ಒಂದು ರಿಪೇರಿಗೆ ಹೋಗಿತ್ತು, ಉಳಿದವುಗಳಲ್ಲಿ ಬೇಸಿಗೆ ರಜೆಯ ಜನ ತುಂಬಿಕೊಂಡು ಅರ್ಧ ಜೂನ್ ಕಳೆಯುವ ತನಕ ಜಾಗವಿರಲಿಲ್ಲ. ಡಾಕ್ಟರು ಹೆರಿಗೆಗೆ ಹೇಳಿದ್ದು ಜೂನ್ ತಿಂಗಳ ಮೊದಲ ವಾರ. ವಿಮಾನವಾದರೆ ಎರಡು ತಾಸಿನ ದಾರಿ. ಆದರೆ ಅಕ್ಕಾತಾಯಿ ವಿಮಾನ ಹತ್ತುವ ಹಾಗಿರಲಿಲ್ಲ. ಹೆದರಿಕೆಯೆಂದಲ್ಲ, ಅವಳು ಹೆದರುವ ಪೈಕಿಯವಳೇ ಅಲ್ಲ. ಅಡ್ಡ ಬಂದದ್ದು ವ್ರತ.

ಅದು ಆಕೆ ಮದುವೆಯಾಗಿ ಖಾನಾಪುರಕ್ಕೆ ಬಂದ ಹೊಸತರ ಮಾತು. ಕಾಲ್ನಡಿಗೆಯ ವಿಹಾರಕ್ಕೆ ಹೊರಟ ಮುನಿಗಳೊಬ್ಬರು ಹಲಸಿಯಲ್ಲಿ ತಂಗಿದ್ದಾರೆಂದು ಸುದ್ದಿ ಬಂದು, ಜೈನರ ಮನೆಯ ಹೆಂಗಸರೆಲ್ಲ ಚಕ್ಕಡಿ ಕಟ್ಟಿಸಿಕೊಂಡು ದರ್ಶನಕ್ಕೆ ಹೋದರು. ಮುನಿಗಳ ಮುಂದೆ ಒಬ್ಬೊಬ್ಬರು ಒಂದೊಂದು ನಿಯಮ ಹಿಡಿದರು. ಒಬ್ಬಳು ಬದನೆಕಾಯಿ ಬಿಟ್ಟಳು, ಒಬ್ಬಳು ರಾತ್ರಿ ನೀರು ಬಿಟ್ಟಳು. ಜೊತೆಗೆ ಬಂದಿದ್ದ ಅಕ್ಕಾತಾಯಿಯ ಮಾವನವರು ಮಾತ್ರ, ನಮ್ಮ ಸೊಸೆ ದಿಗ್ವ್ರತ ತಗೊಳ್ಳಲಿ ಅಂದರು. ದಿಗ್ವ್ರತವೆಂದರೆ ದಿಕ್ಕುಗಳಿಗೆ ಗಡಿ ಹಾಕಿಕೊಳ್ಳುವುದು. ಈ ದಿಕ್ಕಿಗೆ ಇಲ್ಲಿಯ ತನಕ ಹೋಗುತ್ತೇನೆ, ಜೀವ ಇರುವ ತನಕ ಅದರಾಚೆ ಹೋಗುವುದಿಲ್ಲ, ಆಚೆಗಿನ ಜೀವಗಳಿಗೆ ನನ್ನಿಂದ ಎಳ್ಳಷ್ಟೂ ತೊಂದರೆ ಇಲ್ಲ ಎಂದು ಮಾತು ಕೊಡುವುದು. ಎಂಟು ದಿಕ್ಕಿಗೂ ಹಿಂದೂಸ್ತಾನದ ಗಡಿ ಅಂದುಬಿಡವ್ವಾ, ತಂಟೆಯಿಲ್ಲ ಎಂದು ಮಾವನವರು ದಾರಿಯಲ್ಲೇ ಹೇಳಿಕೊಟ್ಟಿದ್ದರು. ಅವಳು ಹಾಗೆಯೇ ಅಂದಳು.

"ಕೆಳಗೆ?" ಎಂದು ಮುನಿಗಳು ಕೇಳಿದರು. ದಿಕ್ಕು ಎಂಟಲ್ಲ ಹತ್ತು ಎಂಬುದು ಮಾವನವರಿಗೆ ಮರೆತುಹೋಗಿತ್ತು. ಅವಳು ಕಕ್ಕಾಬಿಕ್ಕಿಯಾಗಿ, ನಮ್ಮ ಹಿತ್ತಲ ಬಾವಿಯ ತಳದ ತನಕ ಅಂದಳು. "ಮೇಲೆ?" ಅಂದರು. ಹಿಂದಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು, ಮೇಲೆ ಹೋಗುವವರು ಯಾರು! ಅವಳು ಕೇಳಿದ್ದರಲ್ಲಿ ಅತಿ ಎತ್ತರದ ಜಾಗವೆಂದರೆ ಸಮ್ಮೇದ ಶಿಖರ್ಜಿ. ಇಪ್ಪತ್ತು ತೀರ್ಥಂಕರರು ಮೋಕ್ಷ ಕಂಡ ಬೆಟ್ಟ, ಜೈನರಿಗೆ ಅದಕ್ಕಿಂತ ದೊಡ್ಡ ಯಾತ್ರೆಯಿಲ್ಲ. "ಶಿಖರ್ಜಿಯ ತುದಿಯ ತನಕ," ಅಂದಳು. ಮುನಿಗಳು ನಕ್ಕು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಅಲ್ಲಿಂದೀಚೆ ಆ ವ್ರತ ಅವಳಿಗೆ ಎಂದೂ ಎಡವಿರಲಿಲ್ಲ. ಖಾನಾಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಪಾರಿಶ್ವಾಡದ ತವರಿಗೆ ಓಡಾಡುವವಳಿಗೆ ಹಿಂದೂಸ್ತಾನದ ಗಡಿ ಯಾವ ಲೆಕ್ಕ? ಒಮ್ಮೆ ಯಾತ್ರೆಗೆ ಹೋಗಿ ಶಿಖರ್ಜಿಯ ತುದಿಯಲ್ಲೂ ನಿಂತು ಬಂದಿದ್ದಳು, ಇದು ನನ್ನ ಮಾಳಿಗೆ ಎಂಬ ಗತ್ತಿನಿಂದ. ಈಗ ಅವಳಿಗೆ ತನ್ನ ಬಾಯಿಯ ಮೇಲೆಯೇ ಕೋಪ ಬಂತು. ಅವತ್ತು ಬಾಯಿಗೆ ಬಂದದ್ದು ಚಂದ್ರ ಅಂತಾದರೂ ಆಗಬಾರದಿತ್ತೇ!

"ವಿಮಾನ ಶಿಖರ್ಜಿಗಿಂತ ಏಳೆಂಟು ಪಟ್ಟು ಮ್ಯಾಲ ಹೋಗ್ತದ," ಎಂದರು ಪದ್ಮಾಕರರು, ಮೊದಲ ಸಲ ವಿಮಾನದ ಎತ್ತರದ ಬಗ್ಗೆ ಬೇಜಾರಿನಿಂದ. "ಬೇಕಾರ ಪೈಲಟ್‌ಗೆ ಕೇಳೂಣು. ಸ್ವಲ್ಪ ಕೆಳಗ ಹೊಡಿಯಪಾ, ನಮ್ಮ ಮನಿಯಾಕಿದು ಗಡಿ ಅದ ಅಂತ."

"ನಗಚಾಟಿಕಿ ಸಾಕ್ರಿ."

"ಹಂಗಾರ ಹೋಗಿ ಬಾ, ಬಂದು ಪ್ರಾಯಶ್ಚಿತ್ತ ಮಾಡ್ಕೊ. ಉಪವಾಸ ಮಾಡು. ತಪ್ಪಾತು ಅಂದ್ರ ಭಗವಂತ ಏನ್ ಹೊಡೀತಾನೇನು?"

"ಕಿಸೇದಾಗ ಪ್ರಾಯಶ್ಚಿತ್ತ ಇಟ್ಕೊಂಡು ತಪ್ಪು ಮಾಡಾಕ ಹೋಗೂದೇನ್ರಿ? ಅದ್ಯಾವ ಧರ್ಮ?" ಎಂದು ಎದ್ದು ಒಳಗೆ ಹೋದಳು. ಹಾಗೆ ಎದ್ದು ಹೋದವಳಿಗೆ ಒಲೆಯ ಮುಂದೆ ಅಳು ಬಂತು.

ಮೇ ತಿಂಗಳ ಸಂಜೆ. ದಿನವಿಡೀ ಕುದಿದ ಆಕಾಶ ನಾಲ್ಕು ಗಂಟೆಗೆ ಕಪ್ಪಾಗಿ, ಧೂಳೆದ್ದು, ಆಣೆಕಲ್ಲು ಸಮೇತ ಅಡ್ಡಮಳೆ ಬಡಿದು, ಕರೆಂಟು ಹೋಯಿತು. ಟೀವಿ ಸತ್ತು ಬಿದ್ದಿತ್ತು. ಪದ್ಮಾಕರರು ವಾರ್ತೆಯಿಲ್ಲದೆ ಚಡಪಡಿಸುತ್ತ ಬಾಗಿಲಲ್ಲಿ ನಿಂತಿದ್ದರು. ಅಂಗಳದಲ್ಲಿ ಕುಣಿದು ಕರಗುವ ಆಣೆಕಲ್ಲು ನೋಡುತ್ತ ಅಕ್ಕಾತಾಯಿಗೆ ಮಗಳ ಮುಖವೇ ಕಣ್ಣೆದುರು ಬರುತ್ತಿತ್ತು. ಸುತ್ತ ಸಮುದ್ರ, ಒಬ್ಬಳೇ ಹುಡುಗಿ, ನೋವು ಬಂದಾಗ ಕೈ ಹಿಡಿಯಲು ಒಂದು ಹೆಣ್ಣುಜೀವ ಇಲ್ಲ. ಇಂಥ ಹೊತ್ತಿನಲ್ಲಿ ನಾನು ಎತ್ತರ ಅಳೆಯುತ್ತ ಕೂತಿದ್ದೇನಲ್ಲ ಎಂದು ತನ್ನ ಬಗ್ಗೆಯೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಕೋಟೆಯ ಕಮಲ ಬಸದಿಗೆ ಹೋಗಿ, ನೇಮಿನಾಥ ಸ್ವಾಮಿಯ ಮುಂದೆ ಬಹಳ ಹೊತ್ತು ಕೂತಳು. ತಣ್ಣಗಿನ ಕಲ್ಲು, ಹೊರಗೆ ಬಿಸಿಲು. ದೇವರು ಏನೂ ಹೇಳಲಿಲ್ಲ, ಹೇಳುತ್ತಾನೆಂದು ಅವಳೂ ತಿಳಿದಿರಲಿಲ್ಲ. ಎದ್ದು ಮನೆಗೆ ಬಂದವಳೇ ಫೋನ್ ಹಚ್ಚಿಸಿಕೊಂಡು, "ಸ್ನೇಹಲಾ, ನಾ ವಿಮಾನದಾಗ ಬರ್ತೀನಿ. ನಿನಗಿಂತ ಹೆಚ್ಚಿಂದು ನನಗ ಯಾವುದೂ ಇಲ್ಲ," ಅಂದಳು.

ಆ ಕಡೆಯಿಂದ ಸ್ನೇಹಲ, "ಬ್ಯಾಡವ್ವಾ," ಅಂದಳು.

"ಯಾಕ?"

"ಬಂದ ಮ್ಯಾಲ ಏನಾಗ್ತದ ಹೇಳ್ಲೇನು? ಕೂಸಿಗೆ ನೆಗಡಿ ಆದ್ರ, ನಾ ವ್ರತ ಮುರದ್ನೆಲ್ಲ, ಅದಕ್ಕ ಅಂತಿ. ಹಾಲು ಕಕ್ಕಿದ್ರ, ಅದಕ್ಕ ಅಂತಿ. ಮುಂದ ಸಾಲ್ಯಾಗ ಫೇಲ್ ಆದ್ರೂ ಅದಕ್ಕ ಅಂತಿ. ಬಾಯ್ಲೆ ಅನ್ನೂದಿಲ್ಲ ನೀ, ಮನಸಿನಾಗ ಅಂತಿ. ನನಗ ಗೊತ್ತಿಲ್ಲೇನವ್ವಾ ನೀ? ಹುಟ್ಟೂಕಿಂತ ಮೊದಲ ನನ್ನ ಕೂಸಿನ ತಲಿ ಮ್ಯಾಲ ಅದನ್ನೆಲ್ಲ ಹೊರಸಬ್ಯಾಡ."

ಖರೇ ಮಾತು. ಒಂದಕ್ಷರವೂ ಸುಳ್ಳಿರಲಿಲ್ಲ. ಹೆತ್ತ ಮಗಳು ತನ್ನ ಹೊಟ್ಟೆಯೊಳಗಿನದನ್ನು ಸಮುದ್ರದ ಆಚೆಯಿಂದ ಓದಿ ಹೇಳಿದಳಲ್ಲ ಎಂದು ಒಂದು ಕಡೆ ನಾಚಿಕೆ, ಒಂದು ಕಡೆ ಹೆಮ್ಮೆ.

"ಹಂಗಾರ ಬಾಣಂತನಕ್ಕ ಯಾರು ಬರಬೇಕ?"

"ಅಪ್ಪನ್ನ ಕಳಸು. ನೀ ಹಡಗ ಸಿಕ್ಕಾಗ ಬಾ."

ಫೋನಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದ ಪದ್ಮಾಕರರು ಎರಡು ಹೆಜ್ಜೆ ಹಿಂದೆ ಸರಿದರು. "ನಾನ? ನಾ ಹೋಗಿ ಏನ್ ಮಾಡ್ಲಿ? ಬಾಣಂತಿ ಅಂಟಿನುಂಡಿ ತಿಂದು ಬರ್ಲೇನು?"

"ನೀವ ಹೋಗ್ರಿ," ಎಂದಳು ಅಕ್ಕಾತಾಯಿ. ಮಗಳ ಬಾಣಂತನ, ಮೊಮ್ಮಗುವಿನ ಮೊದಲ ನೀರು, ಎಲ್ಲ ತನ್ನ ಕೈಯಿಂದ ಬಿಟ್ಟುಕೊಡಬೇಕು. ಆ ಸಂಕಟವನ್ನು ಗಂಡನ ಮುಂದೆ ತೋರಿಸಿಕೊಳ್ಳಬಾರದೆಂದು, "ಇಷ್ಟು ವರ್ಷ ವಿಮಾನ ವಿಮಾನ ಅಂತ ನನ್ನ ಶಾವಿಗಿ ತುಳದ್ರಿ, ಈಗ ಬಾಯಾಗ ನಾಲಿಗಿ ಇಲ್ಲೇನು?" ಎಂದು ದಬಾಯಿಸಿದಳು.

ಓಣಿಗೆಲ್ಲ ಸುದ್ದಿಯಾಯಿತು. ಎದುರು ಮನೆಯ ಭರಮವ್ವ ಮೊರ ಕೈಯಲ್ಲಿ ಹಿಡಿದುಕೊಂಡೇ ಬಂದು, "ಗಂಡಸರು ಬಾಣಂತನ ಮಾಡೂದು ನಾ ಕಂಡಿಲ್ಲ, ಕೇಳಿಲ್ಲ ತಾಯಿ. ಟೀವಿಯಾಗಾರ ತೋರಿಸಿದ್ರೇನು?" ಅಂದಳು. "ಇನ್ನ ಮ್ಯಾಲ ತೋರಸ್ತಾರ," ಎಂದು ಅಕ್ಕಾತಾಯಿ ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದೆ ಪಾಠ ಶುರುವಾಯಿತು.

ಉಂಡೆ ಕಟ್ಟಿ ಕೊಟ್ಟು ಕಳಿಸಬಹುದು. ಅಳವಿ, ಖಾರೀಕು, ಕೊಬ್ಬರಿ, ಎಲ್ಲ ಪುಡಿ ಮಾಡಿ ಪೊಟ್ಟಣ ಕಟ್ಟಬಹುದು. ಆದರೆ ಕೂಸಿಗೆ ನೀರು ಎರೆಯುವ ಕೈಯನ್ನು ಪೊಟ್ಟಣ ಕಟ್ಟಲು ಬರುವುದಿಲ್ಲವಲ್ಲ. ಶೋಕೇಸಿನೊಳಗಿದ್ದ ಸ್ನೇಹಲಳ ಹಳೆಯ ಪ್ಲಾಸ್ಟಿಕ್ ಗೊಂಬೆಯನ್ನು ಇಳಿಸಿದಳು. ಬಚ್ಚಲಲ್ಲಿ ಪೋಸ್ಟ್ ಮಾಸ್ತರರು ಧೋತರ ಮೊಣಕಾಲಿಗೆ ಏರಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿದರು. ಕಾಲ ಮೇಲೆ ಗೊಂಬೆ ಬೋರಲು ಮಲಗಿತು.

"ಎಣ್ಣಿ ಮೊದಲ ನೆತ್ತಿಗೆ. ಅಂಗೈಲೆ ಹಚ್ರಿ, ಬೆರಳಲೆ ಅಲ್ಲ. ಆ ಕೈ ಕುತಿಗಿ ಕೆಳಗ ಇರ್ಲಿ. ಕುತಿಗಿ ಬಿಡಬ್ಯಾಡ್ರಿ, ಕುತಿಗಿ! ಅಯ್ಯ ನನ್ನ ಕರ್ಮ, ಅದೇನ ಪಾರ್ಸಲ್ ಏನ್ರಿ?"

ಪದ್ಮಾಕರರು ಗಾಬರಿಯಲ್ಲಿ ಹಿಡಿದು ತಿರುಗಿಸಿದ ಭರಕ್ಕೆ ಗೊಂಬೆಯ ಒಂದು ಕೈ ಕಿತ್ತು ಬಂತು. ಗಂಡ ಆ ಕೈ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದರು. ಅಕ್ಕಾತಾಯಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹೊಟ್ಟೆ ಹಿಡಿದುಕೊಂಡು ಬಚ್ಚಲ ಹೊಸ್ತಿಲ ಮೇಲೆ ಕೂತೇಬಿಟ್ಟಳು. ಅಂಡಮಾನಿನ ಸುದ್ದಿ ಬಂದ ಮೇಲೆ ಆ ಮನೆಯಲ್ಲಿ ಇಬ್ಬರೂ ನಕ್ಕದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಅವರು ಟೀವಿ ಮುಂದೆಯೂ ಕಾಲು ನೀಡಿಯೇ ಕೂರುವುದಾಯಿತು. ಒಂಟಿಕೈಯ ಗೊಂಬೆಗೆ ಎಣ್ಣೆ ತಿಕ್ಕುತ್ತ, ಬಂಗಾಳ ಕೊಲ್ಲಿಯ ವಾಯುಭಾರ ಕೇಳುತ್ತ. ನೀರನ್ನು ಮೊಳಕೈಯಿಂದ ಮುಟ್ಟಿ ನೋಡುವುದು, ಮುಖಕ್ಕೆ ನೀರು ಬೀಳದಂತೆ ಹಣೆಯ ಮೇಲೆ ಕೈ ಅಡ್ಡ ಹಿಡಿಯುವುದು, ಬೆನ್ನು ಒರೆಸಿ ಲೋಬಾನದ ಹೊಗೆಗೆ ಹಿಡಿಯುವುದು, ಎಲ್ಲ ಕಲಿತರು. ಆದರೆ ಗೊಂಬೆ ಅಳುವುದಿಲ್ಲ, ಜಾರುವುದಿಲ್ಲ. "ಇದಕ್ಕ ಎರದ್ರ ಎರದಂಗಲ್ಲ," ಎಂದಳು ಅಕ್ಕಾತಾಯಿ. "ನಾಳೆ ಖಾನಾಪುರಕ್ಕ ಹೋಗೂಣು. ಕಾಡವ್ವನ ಮನ್ಯಾಗ ಮೊಮ್ಮಗ ಅದಾನ."

ಕಾಡವ್ವ ಖಾನಾಪುರದಲ್ಲಿ ಅವರ ಬೆನ್ನ ಹಿಂದಿನ ಮನೆಯವಳು. ಆಗ ಆ ಮನೆಯವರು ಕುರಿ ಕಾಯುತ್ತಿದ್ದರು, ಈಗ ಮಗ ಬೀರೇಶ ಬಸ್ ಡಿಪೋದಲ್ಲಿ ನೌಕರಿಗೆ ಸೇರಿ ಕುರಿಗಳೆಲ್ಲ ಮಾರಿಹೋಗಿದ್ದವು. ಅಕ್ಕಾತಾಯಿ ಬಂದ ಕಾರಣ ಕೇಳಿ ಕಾಡವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

"ಮಾಸ್ತರು ಎರೀತಾರ? ನಮ್ಮ ಹುಡುಗನ್ನ ಠಸ್ಸೆ ಹೊಡದು ಡಬ್ಬಿಗೆ ಹಾಕಿದ್ರ ಹ್ಯಾಂಗವ್ವಾ?"

"ಹಾಕಿದ್ರ ತಗದು ಕೊಡ್ತೀನಿ, ನೀ ನೀರ ಕಾಸು."

ಕಾಡವ್ವ ನಕ್ಕಳು, ಸೊಸೆ ರೂಪಾಲಿ ನಗಲಿಲ್ಲ. ಎರಡು ತಿಂಗಳ ಮಗುವನ್ನು ಎದೆಗೆ ಒತ್ತಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅತ್ತೆಯ ಗೆಳತಿಯೆಂದು ಬೇಡ ಎನ್ನುವ ಹಾಗಿಲ್ಲ, ಕೊಡುವುದಕ್ಕೆ ಕೈ ಬರುವುದಿಲ್ಲ. ಪದ್ಮಾಕರರೇ ಅದನ್ನು ನೋಡಿ, "ತಂಗೀ, ಬಲವಂತ ಇಲ್ಲವ್ವಾ," ಅಂದರು. "ನನ್ನ ಮಗಳ ಕೂಸು ಮುಂದಿನ ವಾರ ಹುಟ್ಟೂದದ. ಅದಕ್ಕ ಎರಿಯೂವ್ರು ನನ್ನ ಬಿಟ್ರ ಯಾರೂ ಇಲ್ಲ. ನನಗ ಭಾಳ ಅಂಜಿಕಿ ಬಂದದ. ಅಷ್ಟ."

ಆ ಮನುಷ್ಯ ಹೆದರಿದ್ದೇನೆ ಎಂದು ಬಾಯಿ ಬಿಟ್ಟು ಹೇಳಿದ್ದನ್ನು ಅಕ್ಕಾತಾಯಿ ಇಷ್ಟು ವರ್ಷಗಳ ಸಂಸಾರದಲ್ಲಿ ಕೇಳಿರಲಿಲ್ಲ. ರೂಪಾಲಿ ಬಂದು ಮಗುವನ್ನು ಅವರ ಕಾಲ ಮೇಲೆ ಮಲಗಿಸಿ, ಅಲ್ಲೇ ಬಾಜು ಮೊಣಕಾಲೂರಿ ಕೂತಳು.

ಮಗು ಮೊದಲು ಸುಮ್ಮನಿತ್ತು. ಎಣ್ಣೆ ಬೆನ್ನಿಗೆ ಬೀಳುತ್ತಲೇ ಕಿರುಚಲು ಹತ್ತಿತು. ಪದ್ಮಾಕರರ ಹಣೆಯಲ್ಲಿ ಬೆವರಿಳಿಯಿತು. ಏನು ಮಾಡಬೇಕೆಂದು ತೋಚದೆ ಮೆಲ್ಲಗೆ ಜೈನರ ಣಮೋಕಾರ ಮಂತ್ರ ಹೇಳತೊಡಗಿದರು, ಬೇರೆ ಜೋಗುಳ ಅವರಿಗೆ ಬಂದರೆ ತಾನೇ! ಒಂದೊಂದು ಸಾಲಿಗೆ ಒಂದೊಂದು ತಂಬಿಗೆ ನೀರು. ಮಗುವಿನ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು, ಕಣ್ಣು ಅರ್ಧ ಮುಚ್ಚಿತು. ಮೈ ತಿರುಗಿಸಿದಾಗ ಮಾಸ್ತರರ ಅಂಗಿಯ ಮೇಲೆ ಬಿಸಿಬಿಸಿ ಧಾರೆಯೊಂದು ಹಾರಿತು. ಕಾಡವ್ವ ಚಪ್ಪಾಳೆ ತಟ್ಟಿದಳು.

"ಅದ ನೋಡ್ರಿ ಠಸ್ಸೆ! ಮಂತ್ರಾ ಹೇಳಿ ನಮ್ಮ ಬೀರದೇವರ ಹುಡುಗನ್ನ ಜೈನರಾಂವನ್ನ ಮಾಡಿಬಿಟ್ರಲ್ಲೋ ಯಪ್ಪಾ!"

ರೂಪಾಲಿ ಕೂಸನ್ನು ಒರೆಸಿ ಎತ್ತಿಕೊಂಡು, "ಹೋಗಿ ಬರ್ರಿ ಕಾಕಾ, ನಿಮಗ ಬರ್ತದ," ಅಂದಳು. ಸಂಜೆಯ ಬಸ್ಸಿನಲ್ಲಿ ಪದ್ಮಾಕರರು ಒದ್ದೆ ಅಂಗಿಯಲ್ಲೇ ಎದೆ ಸೆಟೆಸಿ ಕೂತಿದ್ದರು. ಅಕ್ಕಾತಾಯಿ ಕವಳಿಹಣ್ಣಿನ ಪೊಟ್ಟಣ ಬಿಚ್ಚಿ ಅವರ ಕೈಗೆ ಹಾಕಿದಳು.

ಪದ್ಮಾಕರರು ಚೆನ್ನೈಗೆ ಹೊರಡುವ ದಿನ ರೈಲು ನಿಲ್ದಾಣದಲ್ಲಿ, ಉಂಡೆಯ ಡಬ್ಬಿ, ನೀರು ಸೋಸುವ ಬಟ್ಟೆ, ಎಣ್ಣೆಯ ಶೀಸೆ, ಎಲ್ಲವನ್ನೂ ಅವಳು ಇನ್ನೊಮ್ಮೆ ಮುಟ್ಟಿ ನೋಡಿದಳು. ರೈಲು ಸೀಟಿ ಹಾಕಿದಾಗ ಪದ್ಮಾಕರರು, "ವಿಮಾನದಾಗ ಕಿಟಕಿ ಬಾಜು ನೀ ಕುಂದರತಿ ಅಂತ ಅಂದ್ಕೊಂಡಿದ್ದೆ," ಅಂದರು. ಇಷ್ಟು ವರ್ಷದ ಆಸೆ ಈಡೇರುವ ದಿನ ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ನೀವ ಕುಂದರ್ರಿ. ಕಂಡದ್ದೆಲ್ಲಾ ನನಗ ಬಂದು ಹೇಳ್ರಿ. ಕೇಳಾಕ ಗಡಿ ಇಲ್ಲ," ಅಂದಳು. ರೈಲು ಮರೆಯಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಟೀವಿ ಮುಂದೆ ಅವಳೊಬ್ಬಳೇ. ಕನ್ನಡ ಮುಗಿದರೆ ಮರಾಠಿ, ಮರಾಠಿ ಮುಗಿದರೆ ಹಿಂದಿ. ಗಂಡ ಚೆನ್ನೈಯಿಂದ ವಿಮಾನ ಹತ್ತುವ ದಿನವೇ ಆ ಹುಡುಗಿ, ಅಂಡಮಾನಕ್ಕೆ ಮುಂಗಾರು ಕಾಲಿಟ್ಟಿದೆ, ಜೋರು ಗಾಳಿ ಮಳೆ, ಎಂದು ನಗುನಗುತ್ತ ಹೇಳಿದಳು. ಇಡೀ ಬೇಸಿಗೆ ಯಾವ ಹೆಸರಿಗಾಗಿ ಬೈದಿದ್ದಳೋ ಆ ಹೆಸರು ಕೊನೆಗೂ ಬಂತು, ಅಕ್ಕಾತಾಯಿ ಎದ್ದು ಫೋನಿನ ಕಡೆ ಓಡಿದಳು. ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ಆ ಗಾಳಿಯಲ್ಲಿ, ಆ ಎತ್ತರದಲ್ಲಿ, ನಾನು ಹೋಗದೆ ಅವರನ್ನು ಕಳಿಸಿದೆನಲ್ಲ, ನನ್ನ ವ್ರತ ನನ್ನನ್ನು ಉಳಿಸಿಕೊಂಡಿತು, ಅವರನ್ನು? ಎಂದು ಕುಂತಲ್ಲಿ ನಿಂತಲ್ಲಿ ಅದೇ. ಭರಮವ್ವ ಬಂದು ಪಕ್ಕದಲ್ಲಿ ಕೂತಳು, ಒಂದು ಮಾತೂ ಚೇಷ್ಟೆ ಮಾಡಲಿಲ್ಲ.

ಮರುದಿನ ಫೋನ್ ಬಂತು. ಇಳಿಯುವಾಗ ಸ್ವಲ್ಪ ಅಲುಗಾಡಿತಂತೆ, ಅಷ್ಟೇ. "ಮೋಡದ ಮ್ಯಾಲ ಬಿಸಲಿತ್ತು ನೋಡು," ಎಂದು ಪದ್ಮಾಕರರು ಕೂಗುತ್ತಿದ್ದರು. "ಕೆಳಗ ಅಷ್ಟು ಮಳಿ, ಮ್ಯಾಲ ಚಲೋ ಬಿಸಲು! ನಿನ್ನ ಶಾವಿಗಿ ಒಣಗಿಸಬಹುದಿತ್ತು!"

ಮಗು ಹುಟ್ಟಿದ ಸುದ್ದಿಯೂ ಹಾಗೆಯೇ ಬಂತು, ಗರಗರ ಎನ್ನುವ ಲೈನಿನಲ್ಲಿ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಆರಾಮ. ಕೆಲವೇ ದಿನಗಳಲ್ಲಿ ಮಳೆ ಖಾನಾಪುರಕ್ಕೆ ಬಂತು, ಬೆಳಗಾವಿಗೂ ಬಂತು. ಅಲ್ಲಿಂದಲೇ ಬಂದ ಮಳೆ ಎಂದು ಅಕ್ಕಾತಾಯಿ ಅಂಗಳದಲ್ಲಿ ನಿಂತು ತೋಯಿಸಿಕೊಂಡಳು. ಹಡಗಿನಲ್ಲಿ ಜಾಗ ಸಿಕ್ಕಿದಾಗ ಪಾರಿಶ್ವಾಡದ ತಮ್ಮ ಭರತೇಶನನ್ನು ಜೊತೆಗೆ ಕರೆದುಕೊಂಡು ಹೊರಟಳು. ಮೂರು ದಿನ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಆದರೂ ಅವಳ ಮನಸ್ಸು ಮಗುವಿಗೆ ಎರೆಯುತ್ತಲೇ ಇತ್ತು.

ಪೋರ್ಟ್ ಬ್ಲೇರಿನ ಮನೆಯಲ್ಲಿ ಸ್ನೇಹಲ ತಾಯಿಯ ಕುತ್ತಿಗೆಗೆ ಬಿದ್ದು ಅತ್ತಳು. ಅಕ್ಕಾತಾಯಿ ಮೈತೊಳೆದು ಬಂದವಳೇ ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿದಳು. "ತರ್ರಿ ಇಲ್ಲೆ ನನ್ನ ಬಂಗಾರನ್ನ." ಪದ್ಮಾಕರರು ಮಗುವನ್ನು ತಂದು ಅವಳ ಕಾಲ ಮೇಲೆ ಮಲಗಿಸಿ, ಹಿಂದೆ ಸರಿದು ಬಾಗಿಲಿಗೆ ಒರಗಿ ನಿಂತರು.

ಮಗು ಕಿಟಾರನೆ ಕಿರುಚಿತು. ಅಕ್ಕಾತಾಯಿ ನೆತ್ತಿಗೆ ಎಣ್ಣೆ ಹಚ್ಚಿದಳು, ಬೆನ್ನು ಸವರಿದಳು, ತನಗೆ ಗೊತ್ತಿದ್ದ ಹಾಡೆಲ್ಲ ಹಾಡಿದಳು. ಮಗು ಮುಖ ಕೆಂಪಗೆ ಮಾಡಿಕೊಂಡು, ಉಸಿರು ಕಟ್ಟಿಕೊಂಡು, ಮೈಯೆಲ್ಲ ಸೆಟೆಸಿ ಅತ್ತಿತು. ಹಾಲು ಕುಡಿಸಿ ತಂದರೂ ಅದೇ, ನೀರಿನ ಹದ ಬದಲಿಸಿದರೂ ಅದೇ. ಬಾಗಿಲಲ್ಲಿ ನಿಂತ ಪದ್ಮಾಕರರ ಎರಡೂ ಕೈ ತಾವಾಗಿಯೇ ಮುಂದೆ ಬರುತ್ತಿದ್ದವು, ಅವರು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಆ ಕಟ್ಟಿಕೊಂಡ ಕೈಗಳನ್ನು ನೋಡಿ ಅಕ್ಕಾತಾಯಿಗೆ ಎಲ್ಲ ತಿಳಿಯಿತು. ಮಗುವಿಗೆ ಗೊತ್ತಿರುವ ಕೈ ಅವು. ಅವಳಿಗೆ ಸಂಕಟವಾಯಿತು, ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು. ಇಷ್ಟು ವರ್ಷ ಹಿಡಿದ ವ್ರತ ಅವಳಿಂದ ಏನನ್ನೂ ಕೇಳಿರಲಿಲ್ಲ. ಕೇಳದ ವ್ರತವನ್ನು ಹಿಡಿದೆ ಹಿಡಿದೆ ಎಂದು ಮೆರೆದದ್ದಾಯಿತು, ಈಗ ಅದು ಕೇಳಿದೆ, ಮಗುವಿಗೆ ಎರೆಯುವ ಈ ಮಣೆಯನ್ನು. ಕೇಳಿದ್ದನ್ನು ಅತ್ತುಕೊಂಡು ಕೊಡಬಾರದು ಅನಿಸಿತು ಅವಳಿಗೆ. ಹಾಗೆ ಅನಿಸಿದ್ದೇ, ಮಣೆಯ ಮೇಲೆ ಕೂತಲ್ಲೇ ಎದೆ ಹಗುರಾಯಿತು.

"ಬರ್ರಿ," ಎಂದಳು. "ನೀವ ಕುಂದರ್ರಿ."

"ನಾಲ್ಕ ದಿನಾ ಹೋದ್ರ ನಿನಗೂ ರೂಢಿ ಆಗ್ತದ," ಎಂದರು ಅವರು, ಕದಲದೆ.

"ಆಗ್ಲಿ. ಇವತ್ತು ಕೂಸಿಗೆ ಯಾಕ ತ್ರಾಸು? ಬರ್ರಿ."

ಅವಳು ಮಗುವನ್ನು ಎತ್ತಿಕೊಂಡು ಎದ್ದಳು, ಪದ್ಮಾಕರರು ಬಂದು ಕೂತು ಕಾಲು ನೀಡಿದರು. ಮಗು ಆ ಮೊಣಕಾಲುಗಳ ನಡುವೆ ಇಳಿದದ್ದೇ ಒಂದು ಬಿಕ್ಕು ಬಿಕ್ಕಿ, ಕಣ್ಣು ಬಿಟ್ಟು, ಸುಮ್ಮನಾಯಿತು. ಹೊರಗೆ ಮಳೆ ಹುಯ್ಯುತ್ತಿತ್ತು. ಅಕ್ಕಾತಾಯಿ ಹಂಡೆಯಿಂದ ತಂಬಿಗೆ ತುಂಬಿಕೊಂಡು ಗಂಡನ ಬಾಜು ಬಗ್ಗಿ ನಿಂತಳು.

"ಹೇಳ್ರಿ," ಅಂದಳು, "ಎಲ್ಲೆ ಹಾಕ್ಲಿ?"